ಕೆಟ್ಟ ಸೋಪಿನ ಲೆಕ್ಕ ಬರೆದಿಡಿ

ಪ್ರಶ್ನೆ: ನಮ್ಮ ತೋಟದ ಕೊಬ್ಬರಿಯನ್ನು ಗಾಣಕ್ಕೆ ಹಾಕಿಸಿ, ಆ ಎಣ್ಣೆಯಲ್ಲಿ ಮನೆಯಲ್ಲೇ ಸೋಪು ಮಾಡಲು ಹೊರಟೆ. ಎಲ್ಲವನ್ನೂ ಲೋಟದಲ್ಲಿ ಅಳೆದೆ. ಮೊದಲ ಸಲ ಎಣ್ಣೆ ಮೇಲೆ ತೇಲಿ ನಿಂತಿತು. ಮುಂದಿನ ಸಲ ಕಾಸ್ಟಿಕ್ ಸೋಡಾ ಅಷ್ಟೇ ಇಟ್ಟು, ಅರ್ಧ ಹೊಂಗೆ ಎಣ್ಣೆ ಹಾಕಿದೆ. ಸೋಪು ಗಟ್ಟಿಯಾಯಿತು, ಆದರೆ ಕೈ ಉರಿಯಿತು. ಎಣ್ಣೆ ದಂಡವಾಯಿತೆಂದು ಅತ್ತೆಗೆ ಬೇಸರ. ಇದು ನನ್ನ ಕೈಲಾಗದ ಕೆಲಸವೇ?
– ಹೆಸರು ಬೇಡ, ಕೊತ್ತಗೆರೆ, ಕುಣಿಗಲ್ ತಾಲ್ಲೂಕು

ಉತ್ತರ: ಖಂಡಿತ ಅಲ್ಲ. ಮೈಸೂರು ಸ್ಯಾಂಡಲ್ ಸೋಪು ಮಾರುಕಟ್ಟೆಗೆ ಬರಬೇಕಾದರೆ ಮೈಸೂರು ಸಂಸ್ಥಾನ ಎಸ್.ಜಿ. ಶಾಸ್ತ್ರಿಯವರನ್ನು ಇಂಗ್ಲೆಂಡಿಗೆ ಕಳಿಸಿ ಕಲಿಸಬೇಕಾಯಿತು. ಸೋಪು ಕಲಿತೇ ಮಾಡಬೇಕಾದ ವಿದ್ಯೆ. ನೀವು ಕಲಿಕೆಯ ನಡುವೆ ಇದ್ದೀರಿ, ಅಷ್ಟೆ.

ಉರಿಗೆ ಕಾರಣ ನಿಮ್ಮ ಪತ್ರದಲ್ಲೇ ಇದೆ. ಒಂದೊಂದು ಎಣ್ಣೆಗೆ ಬೇಕಾಗುವ ಕಾಸ್ಟಿಕ್ ಸೋಡಾ ಬೇರೆ ಬೇರೆ. 500 ಗ್ರಾಂ ಕೊಬ್ಬರಿ ಎಣ್ಣೆ ಪೂರ್ತಿ ಸೋಪಾಗಲು ಸುಮಾರು 91 ಗ್ರಾಂ ಬೇಕು. ಅಷ್ಟೇ ಹೊಂಗೆ ಎಣ್ಣೆಗೆ ಸುಮಾರು 65 ಗ್ರಾಂ ಸಾಕು. ಎಣ್ಣೆ ಬದಲಾದರೂ ಸೋಡಾ ಬದಲಾಗಲಿಲ್ಲ, ಹೆಚ್ಚಾದದ್ದು ಸೋಪಿನಲ್ಲೇ ಉಳಿಯಿತು. ಅದನ್ನು ಮೈಗೆ ಹಚ್ಚಲೇಬೇಡಿ. ಮೊದಲ ಸಲ ಸೋಡಾ ಕಡಿಮೆಯಾಯಿತೋ, ಕಲಕಿದ್ದು ಸಾಲದೋ? ಲೋಟದ ಅಳತೆಯಿಂದ ಹೇಳಲಾಗದು. ತಪ್ಪು ಎಲ್ಲಿ ಎಂದು ತಿಳಿಯದ ಹಾಗೆ ಮಾಡಿದ ಆ ಲೋಟವೇ ನಿಮ್ಮ ದೊಡ್ಡ ತೊಂದರೆ.

ಆದ್ದರಿಂದ ಮೊದಲು ಒಂದು ಡಿಜಿಟಲ್ ತಕ್ಕಡಿ ತನ್ನಿ. ನೀರನ್ನೂ ತೂಗಿಯೇ ಹಾಕಿ. ಬರೀ ಕೊಬ್ಬರಿ ಎಣ್ಣೆಯ ಸೋಪು ಚರ್ಮ ಒಣಗಿಸುತ್ತದೆ. ಅದಕ್ಕೆ ಐದರಲ್ಲೊಂದು ಪಾಲು ಸೋಡಾ ಕಡಿಮೆ ಮಾಡಿ: 500 ಗ್ರಾಂ ಎಣ್ಣೆಗೆ 73 ಗ್ರಾಂ ಸೋಡಾ, 190 ಗ್ರಾಂ ನೀರು. ಗಾಳಿಯಾಡುವ ಕಡೆ, ಮಕ್ಕಳನ್ನು ದೂರವಿಟ್ಟು, ಕನ್ನಡಕ, ಕೈಗವಸು ಹಾಕಿಕೊಂಡು ಕೆಲಸ ಮಾಡಿ. ಸೋಡಾವನ್ನು ನೀರಿಗೆ ಸುರಿಯಬೇಕು. ಸೋಡಾದ ಮೇಲೆ ನೀರು ಸುರಿದರೆ ಕುದಿದು ಸಿಡಿಯುತ್ತದೆ. ಅಲ್ಯೂಮಿನಿಯಂ ಪಾತ್ರೆ ಬೇಡ, ಸ್ಟೀಲ್ ಇರಲಿ. ಮೈಗೆ ತಾಗಿದರೆ ಹರಿಯುವ ನೀರಿನಲ್ಲಿ ಕನಿಷ್ಠ ಕಾಲು ಗಂಟೆ ತೊಳೆಯಿರಿ. ಕಣ್ಣಿಗೆ ಬಿದ್ದರೆ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಿ. ದೋಸೆ ಹಿಟ್ಟಿನ ಹದಕ್ಕೆ ಬರುವವರೆಗೆ ಕಲಕಿ ಅಚ್ಚಿಗೆ ಹಾಕಿ. ಕೊಬ್ಬರಿ ಎಣ್ಣೆಯ ಸೋಪು ಬೇಗ ಗಟ್ಟಿಯಾಗುವುದರಿಂದ ಕತ್ತರಿಸಲು ತಡಮಾಡಬೇಡಿ, ಪುಡಿಯಾದೀತು. ಆಮೇಲೆ 4ರಿಂದ 6 ವಾರ ನೆರಳಲ್ಲಿ ಒಣಗಲಿ.

ಪ್ರತಿ ಸಲವೂ ತೂಕ, ದಿನಾಂಕ, ಫಲಿತಾಂಶವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಮುಂದಿನ ಸಲ ಒಂದೇ ಒಂದು ಅಂಶ ಬದಲಿಸಿ. ಎರಡು ಒಟ್ಟಿಗೆ ಬದಲಿಸಿದರೆ ಕೆಟ್ಟದ್ದು ಯಾವುದರಿಂದ ಎಂದು ತಿಳಿಯದು. ಬರೆದಿಟ್ಟ ತಪ್ಪು ಮತ್ತೆ ಎಣ್ಣೆ ತಿನ್ನುವುದಿಲ್ಲ.

ಅತ್ತೆಯ ಮಾತನ್ನು ಕುಹಕ ಅಂದುಕೊಳ್ಳಬೇಡಿ. ತೆಂಗು ಬೆಳೆದು, ಕೊಬ್ಬರಿ ಒಣಗಿಸಿದವರಿಗೆ ಎಣ್ಣೆಯ ಬೆಲೆ ಗೊತ್ತು. ಅರ್ಧ ಕೆ.ಜಿ.ಗಿಂತ ಹೆಚ್ಚು ಎಣ್ಣೆ ತೆಗೆಯುವುದಿಲ್ಲ ಎಂದು ಅವರಿಗೆ ಮಾತು ಕೊಡಿ, ಆ ನೋಟ್‌ಬುಕ್ಕನ್ನೂ ತೋರಿಸಿ. ಎಣ್ಣೆ ಎಲ್ಲಿಗೆ ಹೋಯಿತೆಂಬ ಲೆಕ್ಕ ಕಣ್ಣೆದುರು ಇದ್ದರೆ ಅವರ ಬೇಸರವೂ ಕಡಿಮೆಯಾಗುತ್ತದೆ, ನಿಮ್ಮ ಅಳುಕೂ.