ಗಾಲಿಯ ತೂಕ ಸಮವಾಗಿರಲಿ



ಜೋಳದ ಕಡ್ಡಿಯನ್ನು ಯಂತ್ರದಲ್ಲಿ ಕತ್ತರಿಸಿ ದನಗಳಿಗೆ ಹಾಕುವ ಮನೆಗಳು ಚಾಮರಾಜನಗರ, ಗುಂಡ್ಲುಪೇಟೆಗಳ ಕಡೆ ಎಷ್ಟೋ ಇವೆ. ಕೈಯಿಂದ ತಿರುಗಿಸುವಾಗ ಸುಮ್ಮನಿದ್ದ ಯಂತ್ರ ಮೋಟಾರು ಕಟ್ಟಿದ ಕೂಡಲೇ ಗಡಗಡನೆ ನಡುಗುವುದುಂಟು. ಬೋಲ್ಟು ಸಡಿಲವಾಗಿದೆಯೆಂದು ಬಿಗಿ ಮಾಡುತ್ತೇವೆ. ನಾಲ್ಕು ದಿನದಲ್ಲಿ ಅದು ಮತ್ತೆ ಸಡಿಲ. ಬೋಲ್ಟಿನಿಂದ ನಡುಕವೋ, ನಡುಕದಿಂದ ಬೋಲ್ಟು ಸಡಿಲವೋ? ಇದನ್ನು ತಿಳಿಯುವುದೇ ಇಂದಿನ ಪಾಠ.

ನಡುಕ ಏಕೆ?

ಹಕ್ಕಿ ಓಡಿಸಲು ಕವಣೆ ಬೀಸುವಾಗ ಕಲ್ಲು ಕೈಯನ್ನು ಹೊರಕ್ಕೆ ಸೆಳೆಯುತ್ತದೆ. ಜೋರಾಗಿ ಬೀಸಿದಷ್ಟೂ ಸೆಳೆತ ಹೆಚ್ಚು. ಗಾಲಿಯ ಒಂದು ಪಕ್ಕ ತೂಕ ಹೆಚ್ಚಿದ್ದರೆ ಅದೂ ಅಚ್ಚನ್ನು ಹೀಗೆಯೇ ಸೆಳೆಯುತ್ತದೆ.

ಅಚ್ಚಿನಿಂದ 30 ಸೆಂಟಿಮೀಟರು ದೂರದಲ್ಲಿ 100 ಗ್ರಾಂ ತೂಕ ಹೆಚ್ಚಿದೆಯೆನ್ನಿ. ಕೈಯಿಂದ ನಿಮಿಷಕ್ಕೆ 60 ಸುತ್ತು ತಿರುಗಿಸಿದರೆ ಸೆಳೆತ ಸುಮಾರು 120 ಗ್ರಾಂ ಭಾರದಷ್ಟು. ಮೋಟಾರು 600 ಸುತ್ತು ತಿರುಗಿಸಿದರೆ ಸುಮಾರು 12 ಕಿಲೋ! ವೇಗ ಹತ್ತರಷ್ಟಾದರೆ ಸೆಳೆತ ನೂರರಷ್ಟು. ಈ ಪೆಟ್ಟು ಪ್ರತಿ ಸುತ್ತಿಗೂ ಬೇರಿಂಗಿಗೆ ಬೀಳುತ್ತದೆ. ಬೇರಿಂಗು ಸವೆಯುತ್ತದೆ, ಬೋಲ್ಟು ಬಿಚ್ಚುತ್ತದೆ. ಕತ್ತಿಯ ಬೋಲ್ಟೇ ಬಿಚ್ಚಿದರೆ ಮೇವು ಕೊಡುವವರ ಪ್ರಾಣಕ್ಕೆ ಅಪಾಯ.

ಪರೀಕ್ಷಿಸುವ ಕ್ರಮ

1. ವಿದ್ಯುತ್ ನಿಲ್ಲಿಸಿ, ಬೆಲ್ಟು ಕಳಚಿ. ಮೇವು ಎಳೆಯುವ ಗೇರನ್ನು ಬಿಡಿಸಿ. ಕತ್ತಿಯ ಬಳಿ ಕೈ ಇಡಬೇಡಿ.

2. ಗಾಲಿಯನ್ನು ಮೆಲ್ಲಗೆ ತಿರುಗಿಸಿ ಬಿಡಿ. ನಿಂತಾಗ ತಳಕ್ಕೆ ಬಂದ ಜಾಗಕ್ಕೆ ಸೀಮೆಸುಣ್ಣದಿಂದ ಗುರುತು ಹಾಕಿ. ಐದಾರು ಸಲ ಹೀಗೆ ಮಾಡಿ. ಪ್ರತಿ ಸಲವೂ ಅದೇ ಜಾಗ ತಳಕ್ಕೆ ಬಂದರೆ ತೂಕ ಹೆಚ್ಚಿರುವುದು ಅಲ್ಲಿಯೇ. ಬೇರೆ ಬೇರೆ ಕಡೆ ನಿಂತರೆ ತೂಕ ಸಮವಾಗಿದೆ. ಗಾಲಿ ಬಿಗಿಯಾಗಿದ್ದರೆ ಈ ಪರೀಕ್ಷೆ ನಡೆಯದು. ಮೊದಲು ಎಣ್ಣೆ ಹಾಕಿ ಸರಾಗ ಮಾಡಿಕೊಳ್ಳಿ.

ಸರಿಪಡಿಸುವ ಕ್ರಮ

ಮೊದಲು ಮೆತ್ತಿದ ಕಸ, ಮಣ್ಣು ತೆಗೆಯಿರಿ. ಬಳಿಕ ಕತ್ತಿಗಳನ್ನು ಬಿಚ್ಚಿ, ತಕ್ಕಡಿಯಲ್ಲಿ ತೂಗಿ ನೋಡಿ. ಒಂದು ಹೊಸದು, ಇನ್ನೊಂದು ಸಾಣೆಯಿಂದ ಸವೆದದ್ದು ಎಂಬುದೇ ಅನೇಕ ವೇಳೆ ದೋಷದ ಮೂಲ. ಕತ್ತಿಗಳನ್ನು ಜೊತೆಯಾಗಿಯೇ ಬದಲಿಸಿ. ಬೋಲ್ಟು, ವಾಷರುಗಳೂ ಒಂದೇ ಅಳತೆಯವಾಗಿರಲಿ.

ಆಮೇಲೂ ದೋಷ ಉಳಿದರೆ, ಗುರುತಿನ ಎದುರು ಪಕ್ಕದಲ್ಲಿ ಜೇಡಿಮಣ್ಣಿನ ಉಂಡೆ ಅಂಟಿಸಿ, ಗಾಲಿ ಎಲ್ಲೆಂದರಲ್ಲಿ ನಿಲ್ಲುವವರೆಗೆ ಹೆಚ್ಚು ಕಡಿಮೆ ಮಾಡಿ. ಆ ಉಂಡೆಯ ತೂಕವೇ ಬೇಕಾದ ತೂಕ. ಅದೇ ಜಾಗದಲ್ಲಿ ಅಷ್ಟೇ ತೂಕದ ಕಬ್ಬಿಣವನ್ನು ವರ್ಕ್‌ಷಾಪಿನಲ್ಲಿ ಭದ್ರವಾಗಿ ಕೂರಿಸಿಕೊಳ್ಳಿ. ಅಚ್ಚಿಗೆ ಅರ್ಧ ದೂರದಲ್ಲಿ ಕೂರಿಸುವುದಾದರೆ ಎರಡರಷ್ಟು ತೂಕ ಬೇಕು. ಎರಕದ ಗಾಲಿಗೆ ಮನೆಯಲ್ಲಿ ತೂತು ಕೊರೆಯಬೇಡಿ, ಬಿರುಕು ಬಿಟ್ಟೀತು. ಮಣ್ಣಿನ ಉಂಡೆ ಇದ್ದಾಗ ಮೋಟಾರು ಹಾಕಲೇಬೇಡಿ.

ಒಕ್ಕಣೆ ಯಂತ್ರದ ಉದ್ದನೆಯ ಡ್ರಮ್ಮಿಗೆ ಈ ಪರೀಕ್ಷೆ ಸಾಲದು. ಒಂದು ತುದಿಯಲ್ಲಿ ಮೇಲೂ ಇನ್ನೊಂದು ತುದಿಯಲ್ಲಿ ಕೆಳಗೂ ತೂಕ ಹೆಚ್ಚಿದ್ದರೆ, ನಿಂತಾಗ ಸಮವೆಂದೇ ತೋರುತ್ತದೆ. ವೇಗ ಬಂದಾಗ ನಡುಗುತ್ತದೆ. ಅದನ್ನು ತಿರುಗಿಸಿಯೇ ತೂಕ ಸರಿಮಾಡುವ ವರ್ಕ್‌ಷಾಪಿಗೆ ಒಯ್ಯಿರಿ.

ಯಂತ್ರ ನಡುಗಿದರೆ ಮೊದಲು ನಿಲ್ಲಿಸಿ. ತೂಕ ಸರಿಮಾಡಿ, ಆಮೇಲೆ ಬೋಲ್ಟು ಬಿಗಿಯಿರಿ.