ರೋಗಶಯ್ಯೆಯಲ್ಲಿರುವ ತಾಯಿ ಮತ್ತು ವೈಯಾವೃತ್ಯ ತಪ

ಭಾದ್ರಪದ ಮಾಸವು ಸಮೀಪಿಸಿತೆಂದರೆ ಶ್ರಾವಕರ ಮನೆಗಳಲ್ಲಿ ವ್ರತಗಳದೇ ಮಾತು. ಷೋಡಶಕಾರಣ ವ್ರತವನ್ನು ಹಿಡಿಯುವವರು ಯಾರು, ದಶಲಕ್ಷಣ ಪರ್ವದಲ್ಲಿ ಉಪವಾಸ ಮಾಡುವವರು ಎಷ್ಟು ಮಂದಿ, ಏಕಭುಕ್ತದಲ್ಲಿರುವವರು ಎಷ್ಟು ಮಂದಿ ಎಂದು ಬಸದಿಯ ಅಂಗಳದಲ್ಲಿ ವಿಚಾರ ನಡೆಯುತ್ತದೆ. ಅದೇ ದಿನಗಳಲ್ಲಿ ಮನೆಯ ವೃದ್ಧಮಾತೆಯು ಸೊಂಟದ ಮೂಳೆ ಮುರಿದು ಪಟ್ಟಣದ ನರ್ಸಿಂಗ್ ಹೋಮಿನಲ್ಲಿ ಮಲಗಿದ್ದರೆ ಮನೆಯವರಿಗೆ ಒಂದು ಧರ್ಮಸಂಕಟ ತಲೆದೋರುತ್ತದೆ. ಅಭಿಷೇಕ-ಪೂಜೆಗಳ ಹೊತ್ತಿನಲ್ಲಿ ಅಲ್ಲಿಗೆ ಹೋಗಿ ಕುಳಿತರೆ ವ್ರತಕ್ಕೆ ಲೋಪವಾಗದೆ? ಉಪವಾಸದಿಂದ ಬಳಲಿದ ಸೊಸೆಯು ಅತ್ತೆಯ ಸೇವೆಗೆ ಹೋಗಬೇಕೆ, ಅಥವಾ ಪರ್ವವು ಮುಗಿಯುವವರೆಗೆ ದಾದಿಯರಿಗೆ ಒಪ್ಪಿಸಿ ನಿಶ್ಚಿಂತರಾಗಿರಬಹುದೆ?

ಈ ಪ್ರಶ್ನೆಗೆ ಉತ್ತರವು ಆ ವ್ರತದೊಳಗೇ ಇದೆ. ಷೋಡಶಕಾರಣವೆಂದರೆ ತೀರ್ಥಂಕರ ನಾಮಕರ್ಮದ ಬಂಧಕ್ಕೆ ಕಾರಣವಾದ ಹದಿನಾರು ಭಾವನೆಗಳು. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಇವುಗಳನ್ನು ಹೇಳುವಾಗ ಸಾಧುಸಮಾಧಿಯನ್ನೂ ವೈಯಾವೃತ್ಯಕರಣವನ್ನೂ ಎಣಿಸಿದ್ದಾರೆ. ಒಂಬತ್ತನೆಯ ಅಧ್ಯಾಯದಲ್ಲಿ ತಪಸ್ಸನ್ನು ಬಾಹ್ಯ ಆರು, ಆಭ್ಯಂತರ ಆರು ಎಂದು ವಿಭಾಗಿಸಿ, ಅನಶನವನ್ನು ಬಾಹ್ಯದಲ್ಲಿಯೂ ವೈಯಾವೃತ್ಯವನ್ನು ಆಭ್ಯಂತರದಲ್ಲಿಯೂ ಇರಿಸಿದ್ದಾರೆ. ಉಪವಾಸವನ್ನು ಊರೇ ನೋಡುತ್ತದೆ; ಪಾರಣೆಯ ದಿನ ಬಂಧುಗಳು ಬಂದು ಸನ್ಮಾನಿಸುತ್ತಾರೆ. ಮಲಗಿದವರ ಬೆನ್ನನ್ನು ಒರೆಸಿದವರಿಗೆ ಯಾರೂ ಹಾರ ಹಾಕುವುದಿಲ್ಲ. ಆಭ್ಯಂತರವೆಂಬ ಹೆಸರಿಗೆ ಶಾಸ್ತ್ರಕಾರರು ಕೊಡುವ ಕಾರಣ ಬೇರೆಯಾದರೂ ಈ ಅರ್ಥವೂ ಅದಕ್ಕೆ ಸಲ್ಲುತ್ತದೆ.

ವೈಯಾವೃತ್ಯಕ್ಕೆ ಪಾತ್ರರಾದವರನ್ನು ಅದೇ ಅಧ್ಯಾಯವು ಹತ್ತು ಬಗೆಯಾಗಿ ಹೇಳುತ್ತದೆ. ಅವರಲ್ಲಿ ಗ್ಲಾನನು ಒಬ್ಬ. ರೋಗದಿಂದ ಶರೀರವು ಕುಗ್ಗಿದವನೆಂದು ಅದರ ಅರ್ಥ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದನ್ನು ಗೃಹಸ್ಥನ ನಾಲ್ಕನೆಯ ಶಿಕ್ಷಾವ್ರತವನ್ನಾಗಿಯೇ ನಿರೂಪಿಸಿ, ಆಹಾರ, ಔಷಧ, ಉಪಕರಣ, ಆವಾಸ ಎಂಬ ನಾಲ್ಕು ದಾನಗಳನ್ನು ಅದರಲ್ಲಿ ಅಡಗಿಸಿದ್ದಾರೆ. ಇದೆಲ್ಲವೂ ಮುನಿಗಳಿಗೆ ಸಂಬಂಧಿಸಿದ್ದಲ್ಲವೆ, ಮನೆಯ ಮುದುಕಿಗೆ ಹೇಗೆ ಅನ್ವಯಿಸೀತು ಎಂದು ಕೆಲವರು ಆಕ್ಷೇಪಿಸುವುದುಂಟು. ಪಾತ್ರಭೇದವನ್ನು ಅರಿತವರಿಗೆ ಈ ಸಂದೇಹ ಬಾರದು. ಮಹಾವ್ರತಿಗಳು ಉತ್ತಮ ಪಾತ್ರ, ಅಣುವ್ರತಗಳನ್ನು ಧರಿಸಿದ ಶ್ರಾವಕ-ಶ್ರಾವಿಕೆಯರು ಮಧ್ಯಮ ಪಾತ್ರ, ವ್ರತವಿಲ್ಲದಿದ್ದರೂ ಸಮ್ಯಗ್ದೃಷ್ಟಿಯುಳ್ಳವರು ಜಘನ್ಯ ಪಾತ್ರ. ನಲವತ್ತು ವರ್ಷ ಅಷ್ಟಮಿ-ಚತುರ್ದಶಿಗಳನ್ನು ತಪ್ಪದೆ ನಡೆಸಿದ ತಾಯಿಯು ಯಾವ ಪಾತ್ರವೆಂಬುದನ್ನು ಮಕ್ಕಳೇ ಎಣಿಸಿಕೊಳ್ಳಬಹುದು. ಇವು ಯಾವುವೂ ಇಲ್ಲದ ತಾಯಿಗೂ ಕರುಣಾದಾನವನ್ನು ಯಾವ ಶಾಸ್ತ್ರವೂ ತಡೆದಿಲ್ಲ.

ನಿರ್ವಿಚಿಕಿತ್ಸಾ ಅಂಗಕ್ಕೆ ದೃಷ್ಟಾಂತನಾದ ಉದ್ದಾಯನ ರಾಜನ ಕಥೆಯನ್ನು ಕೇಳದ ಜೈನ ಮನೆಯಿಲ್ಲ. ದೇವನೊಬ್ಬನು ಅವನನ್ನು ಪರೀಕ್ಷಿಸಲೆಂದು ಕುಷ್ಠರೋಗದಿಂದ ಕೂಡಿದ ಮುನಿಯ ವೇಷವನ್ನು ಧರಿಸಿ ಆಹಾರಕ್ಕೆ ಬಂದನು. ಕೊಟ್ಟುದನ್ನೆಲ್ಲ ಸ್ವೀಕರಿಸಿ ಅಲ್ಲಿಯೇ ವಾಂತಿ ಮಾಡಿದನು. ದುರ್ಗಂಧವನ್ನು ತಾಳಲಾರದೆ ಪರಿಜನರು ಓಡಿಹೋದರು. ರಾಜ ಮತ್ತು ರಾಣಿ ಪ್ರಭಾವತಿ ಮಾತ್ರ ನಿಂತರು. ಅವರ ಮೈಮೇಲೆಯೂ ವಾಂತಿಯಾಯಿತು. ಆಗ ರಾಜನು ತಾನು ಕೊಟ್ಟ ಆಹಾರವೇ ಒಗ್ಗಲಿಲ್ಲವೆಂದು ತನ್ನನ್ನೇ ನಿಂದಿಸಿಕೊಂಡು ಮುನಿಯ ಶರೀರವನ್ನು ತೊಳೆದನು. ಪ್ರತಿದಿನ ಪ್ರವಚನದಲ್ಲಿ ಈ ಕಥೆಯನ್ನು ಕೇಳಿ ತಲೆದೂಗುವವರೇ ನರ್ಸಿಂಗ್ ಹೋಮಿನ ಬಾಗಿಲಲ್ಲಿ ಮೂಗಿಗೆ ಕರವಸ್ತ್ರವನ್ನು ಹಿಡಿದು, ಹಣ್ಣಿನ ಚೀಲವನ್ನು ಮೇಜಿನ ಮೇಲಿಟ್ಟು, ಕೈಗಡಿಯಾರವನ್ನು ನೋಡುತ್ತಾರೆ. ಬಿಲ್ಲನ್ನು ತುಂಬುವುದು ಔಷಧದಾನವೆಂಬುದು ನಿಜ. ಆದರೆ ಕಾಯದಿಂದ ಮಾಡಬೇಕಾದುದನ್ನು ಹಣದಿಂದ ಪೂರೈಸಲಾಗದು.

ಕಾಯದಿಂದ ಮಾಡಬೇಕಾದುದು ಏನು? ಏಳಲಾರದೆ ಮಲಗಿದವರನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ತ್ರಿಕಾಸ್ಥಿ, ಹಿಮ್ಮಡಿ, ಸೊಂಟದ ಎಲುಬುಗಳ ಮೇಲೆ ಚರ್ಮವು ಕೊಳೆತು ಹುಣ್ಣಾಗುತ್ತದೆ. ಮಲಗಿರುವಂತೆಯೇ ಗಂಜಿಯನ್ನು ಬಾಯಿಗೆ ಹಾಕಿದರೆ ಅದು ಶ್ವಾಸಕೋಶವನ್ನು ಸೇರಬಹುದು. ಆದುದರಿಂದ ನೇರವಾಗಿ ಕುಳ್ಳಿರಿಸಿ, ತುತ್ತು ನುಂಗಿದುದನ್ನು ಕಂಡ ಮೇಲೆಯೇ ಮುಂದಿನದನ್ನು ಕೊಡಬೇಕು. ಮುಪ್ಪಿನಲ್ಲಿ ಬಾಯಾರಿಕೆಯ ಅರಿವು ಕಡಿಮೆಯಾಗುವುದರಿಂದ ಅವರು ಕೇಳದಿದ್ದರೂ ನೀರನ್ನು ನೆನಪಿಸಬೇಕು. ಬಟ್ಟೆಯಲ್ಲಿ ಸೋಸಿ ಕಾಯಿಸಿದ ನೀರನ್ನು ಫ್ಲಾಸ್ಕಿನಲ್ಲಿ ಒಯ್ದರೆ ಶೋಧನೆಯೂ ನಡೆಯುತ್ತದೆ. ಕಂದಮೂಲಗಳಿಲ್ಲದ ಊಟವನ್ನು ಮನೆಯಿಂದ ತರುವೆವೆಂದು ಮೊದಲ ದಿನವೇ ಹೇಳಿ ಒಪ್ಪಿಗೆ ಪಡೆದರೆ ಸಾಕು, ಅದರಲ್ಲಿ ಹೆಚ್ಚಿನ ತೊಡಕೇನೂ ಇಲ್ಲ.

ತೊಡಕು ಬರುವುದು ರಾತ್ರಿಭೋಜನ ತ್ಯಾಗದ ವಿಷಯದಲ್ಲಿ. ಅನೇಕ ನರ್ಸಿಂಗ್ ಹೋಮುಗಳಲ್ಲಿ ಊಟವೂ ಮಾತ್ರೆಯೂ ಬರುವುದು ಕತ್ತಲಾದ ಮೇಲೆ. ತಾಯಿಯು ಬಾಯಿ ತೆರೆಯುವುದಿಲ್ಲ. ದಾದಿಯು ಮಗನಿಗೆ ದೂರುತ್ತಾಳೆ. ಮಗನು ಗದರಿಸುತ್ತಾನೆ, ಇಲ್ಲವೆ ಕಿಟಕಿಯ ಪರದೆಯನ್ನು ಎಳೆದು, ದೀಪಗಳನ್ನು ಹಚ್ಚಿ, ಇನ್ನೂ ಸೂರ್ಯಾಸ್ತವಾಗಿಲ್ಲವೆಂದು ಹೇಳಿ ಉಣಿಸುತ್ತಾನೆ. ಪ್ರೀತಿಯಿಂದಲೇ ಹೀಗೆ ಮಾಡುವವರಿದ್ದಾರೆ. ಆದರೂ ಇದನ್ನು ಸೇವೆಯೆನ್ನಲು ಬರುವುದಿಲ್ಲ. ವ್ರತವು ತೆಗೆದುಕೊಂಡವರದು, ಅದನ್ನು ಸಡಿಲಿಸುವ ಅಧಿಕಾರವು ಮಗನಿಗಿಲ್ಲ, ಬಿಗಿಗೊಳಿಸುವ ಅಧಿಕಾರವೂ ಇಲ್ಲ. ಅರಿಯದೆ ಉಂಡ ತಾಯಿಯ ಭಾವವು ನಿರ್ಮಲವಾಗಿಯೇ ಉಳಿಯಬಹುದು, ಆದರೆ ಅಸತ್ಯದ ದೋಷವು ಮಗನನ್ನು ಬಿಡುವುದಿಲ್ಲ. ಮರುದಿನ ಆ ತಾಯಿಗೆ ವಿಷಯವು ತಿಳಿದರೆ ಅವರು ಆಮೇಲೆ ಹಗಲಿನಲ್ಲಿಯೂ ಯಾರ ಕೈಯಿಂದಲೂ ಉಣ್ಣಲು ಶಂಕಿಸುತ್ತಾರೆ.

ಮಾಡತಕ್ಕ ಕೆಲಸವು ಬೇರೆ. ಮೊದಲು ಅವರ ನಿಯಮವು ಯಾವುದೆಂದು ಅವರನ್ನೇ ಕೇಳಬೇಕು. ಅನ್ನ, ಪಾನ, ಖಾದ್ಯ, ಲೇಹ್ಯ ನಾಲ್ಕನ್ನೂ ರಾತ್ರಿಯಲ್ಲಿ ಬಿಡುವುದು ಆರನೆಯ ಪ್ರತಿಮೆಯವರ ಆಚರಣೆಯೆಂದು ಸಮಂತಭದ್ರರು ಹೇಳುತ್ತಾರೆ. ಮನೆಗಳಲ್ಲಿ ನೀರು-ಔಷಧಗಳಿಗೆ ವಿನಾಯಿತಿಯನ್ನಿಟ್ಟು ನಿಯಮವನ್ನು ಹಿಡಿದವರೂ ಬಹಳ ಮಂದಿ ಇದ್ದಾರೆ. ಆ ವಿನಾಯಿತಿಯನ್ನು ಕಾಯಿಲೆಯ ಗಾಬರಿಯಲ್ಲಿ ತಾಯಿಯೇ ಮರೆತಿರಬಹುದು. ಅನಂತರ ವೈದ್ಯರಲ್ಲಿ ಸ್ಪಷ್ಟವಾಗಿ ವಿಚಾರಿಸಬೇಕು. ದಿನಕ್ಕೆ ಒಂದು ಸಲ ಕೊಡುವ ಮಾತ್ರೆಗಳನ್ನು ಎಷ್ಟೋ ವೇಳೆ ಹಗಲಿಗೆ ಬದಲಾಯಿಸಲು ಬರುತ್ತದೆ. ಎಂಟು ಗಂಟೆಗೊಮ್ಮೆ ಕೊಡಬೇಕಾದ ಔಷಧವನ್ನು ಹಾಗೆ ಸರಿಸಲಾಗದು. ಅದಕ್ಕೆ ಬದಲು ಚುಚ್ಚುಮದ್ದು ಇದೆಯೇ ಎಂದು ಕೇಳಬಹುದು. ಇನ್ನು ಊಟದ ಮಾತು: ಮಾರ್ಗಶಿರದ ದಿನಗಳಲ್ಲಿ ನಮ್ಮ ನಾಡಿನಲ್ಲಿ ಸೂರ್ಯಾಸ್ತವು ಸಂಜೆ 6 ಗಂಟೆಯ ಆಸುಪಾಸಿನಲ್ಲಿ ಆಗುತ್ತದೆ. ಎರಡು ಘಳಿಗೆ, ಅಂದರೆ 48 ನಿಮಿಷ ಮೊದಲೇ ಊಟ ಮುಗಿಸುವ ನಿಯಮವಿದ್ದರೆ ಬುತ್ತಿಯು 5 ಗಂಟೆಯೊಳಗೆ ಹಾಸಿಗೆಯ ಬಳಿ ಇರಬೇಕು. ಕಚೇರಿ ಬಿಟ್ಟು 7 ಗಂಟೆಗೆ ಬರುವ ಮಗನಿಗಿಂತ 4 ಗಂಟೆಗೆ ಬುತ್ತಿಯೊಂದಿಗೆ ಹೊರಡುವ ಸೊಸೆಯೋ ಮೊಮ್ಮಗನೋ ಆ ದಿನ ಹೆಚ್ಚು ಉಪಕಾರಿ.

ಉಪವಾಸದ ಹಟವು ಇನ್ನೊಂದು ಬಗೆಯದು. ಚತುರ್ದಶಿಯಂದು ಏನನ್ನೂ ಮುಟ್ಟೆನೆನ್ನುವ ತಾಯಿಗೆ ಮಧುಮೇಹವಿದ್ದು, ಅವರು ಇನ್ಸುಲಿನ್ ಅಥವಾ ಸಕ್ಕರೆಯನ್ನು ಇಳಿಸುವ ಕೆಲವು ಮಾತ್ರೆಗಳನ್ನು ತೆಗೆದುಕೊಳ್ಳುತ್ತಿದ್ದರೆ, ಆಹಾರವಿಲ್ಲದೆ ಆ ಔಷಧವು ರಕ್ತದ ಸಕ್ಕರೆಯನ್ನು ಅತಿಯಾಗಿ ತಗ್ಗಿಸುತ್ತದೆ. ಬೆವರು, ನಡುಕ, ಮಾತಿನ ತೊದಲು ಕಂಡು ಕೊನೆಗೆ ಪ್ರಜ್ಞೆಯೇ ತಪ್ಪುತ್ತದೆ. ಹಾಗೆಂದು ಔಷಧವನ್ನು ತಾವಾಗಿ ನಿಲ್ಲಿಸುವುದೂ ಸಲ್ಲದು. ಇಂಥಲ್ಲಿ ಶಾಸ್ತ್ರವೇ ದಾರಿಯನ್ನು ತೆರೆದಿಟ್ಟಿದೆ. ಬಾಹ್ಯತಪದಲ್ಲಿ ಅನಶನವೊಂದೇ ಇಲ್ಲ. ಹಸಿವಿಗಿಂತ ಒಂದೆರಡು ತುತ್ತು ಕಡಿಮೆ ಉಣ್ಣುವ ಅವಮೋದರ್ಯವಿದೆ, ಹಾಲು, ಮೊಸರು, ತುಪ್ಪ, ಎಣ್ಣೆ, ಸಿಹಿ, ಉಪ್ಪುಗಳಲ್ಲಿ ಒಂದನ್ನು ಬಿಡುವ ರಸಪರಿತ್ಯಾಗವಿದೆ. ಯಾವುದನ್ನು ಬಿಡಬಹುದೆಂದು ವೈದ್ಯರನ್ನು ಕೇಳುವುದು ಲೇಸು, ಏಕೆಂದರೆ ಮೂತ್ರ ಹೆಚ್ಚಿಸುವ ಮಾತ್ರೆಯಲ್ಲಿರುವ ವೃದ್ಧರಿಗೆ ಉಪ್ಪು ತೀರ ಕಡಿಮೆಯಾಗುವುದೂ ಅಪಾಯ. ಯಾವಜ್ಜೀವ ತ್ಯಾಗವು ಯಮ, ಕಾಲದ ಮಿತಿಯುಳ್ಳದ್ದು ನಿಯಮ. ಊಟ ಮುಗಿದೊಡನೆ ಮುಂದಿನ ಊಟ ಅಥವಾ ಔಷಧದ ಹೊತ್ತಿನವರೆಗೆ ಎಲ್ಲವನ್ನೂ ಬಿಟ್ಟೆನೆಂಬ ನಿಯಮವನ್ನು ಹಾಸಿಗೆಯಲ್ಲಿದ್ದೂ ಹಿಡಿಯಬಹುದು. ಜ್ವರ ಬಂದವರೂ ಹಿಡಿಯಬಹುದು.

ಔಷಧದಲ್ಲಿ ಏನಿದೆಯೆಂಬ ಶಂಕೆಯೂ ವ್ರತಿಗಳಿಗೆ ಸಹಜ. ಸಾಮಾನ್ಯ ಕ್ಯಾಪ್ಸೂಲಿನ ಹೊದಿಕೆಯು ಪ್ರಾಣಿಜನ್ಯವಾದ ಜೆಲಾಟಿನ್; ಸಸ್ಯಮೂಲದ ಹೊದಿಕೆಯುಳ್ಳವೂ ಇವೆ, ಅದೇ ಔಷಧವು ಮಾತ್ರೆಯಾಗಿಯೂ ದೊರೆಯಬಹುದು. ಕ್ಯಾಪ್ಸೂಲನ್ನು ಬಿಡಿಸಿ ಪುಡಿಯನ್ನು ಕೊಡುವ ಮುನ್ನ ಕೇಳಬೇಕು. ಕೆಲವು ಔಷಧಗಳು ಜಠರದಲ್ಲಿ ಕರಗಬಾರದೆಂದೇ ಹಾಗೆ ಮಾಡಿರುತ್ತವೆ. ನಾಟಿ ಔಷಧವನ್ನು ಜೇನಿನಲ್ಲಿ ಕಲಸುವವರಿಗೆ ಮಧುತ್ಯಾಗವು ಅಷ್ಟಮೂಲಗುಣಗಳಲ್ಲಿ ಸೇರಿದೆಯೆಂದು ತಿಳಿಸಿ, ಬೇರೆ ಅನುಪಾನವನ್ನು ಕೇಳಬೇಕು. ಸೊಂಟದ ಶಸ್ತ್ರಚಿಕಿತ್ಸೆಯ ಬಳಿಕ ರಕ್ತವು ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಎಂಬುದನ್ನು ಹಂದಿಯ ಕರುಳಿನಿಂದ ತೆಗೆಯುತ್ತಾರೆ. ಇದಕ್ಕೆ ಬದಲಾದ ಔಷಧಗಳುಂಟು. ಅವು ಈ ರೋಗಿಗೆ ಸಲ್ಲುವುವೇ ಎಂಬುದನ್ನು ವೈದ್ಯರು ಹೇಳಬೇಕು. ಕೇಳದೆ ನಿರಾಕರಿಸಿದಲ್ಲಿ ಕಾಲಿನ ಹೆಪ್ಪು ಶ್ವಾಸಕೋಶವನ್ನು ಸೇರಿ ಪ್ರಾಣಕ್ಕೇ ಎರವಾಗುತ್ತದೆ.

ರೋಗಿಗಳ ಕೋಣೆಯಲ್ಲಿ ಹಗಲು-ರಾತ್ರಿಗಳ ಭೇದವೇ ಕಾಣದು. ಮೂರು-ನಾಲ್ಕು ದಿನಗಳಲ್ಲಿ ವೃದ್ಧರಿಗೆ ಭ್ರಮೆ ಹಿಡಿಯುವುದುಂಟು. ಸಂಜೆಯ ವೇಳೆಗೆ ಅದು ಹೆಚ್ಚುತ್ತದೆ. ಮಗಳನ್ನು ಅಕ್ಕನೆಂದು ಕರೆಯುತ್ತಾರೆ, ಎಂದೋ ತೀರಿಹೋದ ಯಜಮಾನರಿಗೆ ಬಡಿಸಿದೆಯಾ ಎಂದು ಕೇಳುತ್ತಾರೆ. ಇದು ಅನೇಕ ವೇಳೆ ಸೋಂಕು, ನೀರಿನ ಕೊರತೆ ಅಥವಾ ಔಷಧದ ಪರಿಣಾಮವಾದುದರಿಂದ ವೈದ್ಯರಿಗೆ ಅಂದೇ ತಿಳಿಸಬೇಕು. ಮುಪ್ಪಿನ ಅರಳುಮರಳೆಂದು ನಗಬಾರದು. ಕನ್ನಡಕವನ್ನೂ ಶ್ರವಣಯಂತ್ರವನ್ನೂ ಮನೆಯಲ್ಲಿ ಬಿಟ್ಟು ಬಂದಿರುವುದೇ ಅರ್ಧ ಗೊಂದಲಕ್ಕೆ ಕಾರಣ. ಮಾತನಾಡಿಸುವಾಗ ಅಂದಿನ ತಿಥಿಯನ್ನು ಹೇಳಬೇಕು. ಇಂದು ಸೋಮವಾರವೆಂದರೆ ಹಿಡಿಯದ ಮನಸ್ಸು ಇಂದು ಅಷ್ಟಮಿ ಎಂದೊಡನೆ ಎಚ್ಚರಗೊಳ್ಳುವುದನ್ನು ಸೇವೆ ಮಾಡಿದವರು ಬಲ್ಲರು. ತಿಥಿಯ ಹಿಂದೆಯೇ ಬಸದಿ ಬರುತ್ತದೆ, ಬಸದಿಯ ಹಿಂದೆ ಊರು, ಊರಿನೊಡನೆ ಮಕ್ಕಳ ಹೆಸರುಗಳು.

ದರ್ಶನವಿಲ್ಲದೆ ಊಟವಿಲ್ಲವೆಂಬ ನಿಯಮವಿದ್ದವರಿಗೆ ಅಭಿಷೇಕದ ಗಂಧೋದಕವನ್ನು ಸಣ್ಣ ಕರಂಡಕದಲ್ಲಿ ತಂದು ಹಣೆಗೆ ಹಚ್ಚಿ, ಜಿನಬಿಂಬದ ಚಿತ್ರವನ್ನು ಕಣ್ಣಿಗೆ ಎದುರಾಗಿ ಇರಿಸಬಹುದು. ಪೌದನಪುರದ ಬಾಹುಬಲಿಯನ್ನು ಕಾಣಬೇಕೆಂದ ತಾಯಿ ಕಾಳಲದೇವಿಯ ಬಯಕೆಯೇ ಚಾವುಂಡರಾಯನನ್ನು ಬೆಳ್ಗೊಳಕ್ಕೆ ತಂದು, 981ರ ಸುಮಾರಿನಲ್ಲಿ ವಿಂಧ್ಯಗಿರಿಯ ಮೂರ್ತಿಗೆ ಕಾರಣವಾಯಿತೆಂದು ಪರಂಪರೆ ಹೇಳುತ್ತದೆ. ಹೊಯ್ಸಳ ದಂಡನಾಯಕ ಗಂಗರಾಜನು ತಾಯಿ ಪೋಚವ್ವೆಗಾಗಿ ಚಂದ್ರಗಿರಿಯಲ್ಲಿ ಕತ್ತಲೆ ಬಸದಿಯನ್ನು ಕಟ್ಟಿಸಿದನು. ಇಂದಿನ ಮಕ್ಕಳಿಂದ ಕೇಳುತ್ತಿರುವುದು ಒಂದು ಕರಂಡಕ ಗಂಧೋದಕ. ಪಂಚನಮಸ್ಕಾರವನ್ನು ಹೇಳುವಾಗ ಪಕ್ಕದ ಹಾಸಿಗೆಯವರಿಗೆ ತೊಂದರೆಯಾಗದಂತೆ ಕಿವಿಯ ಬಳಿ ಮೆಲ್ಲಗೆ ಹೇಳಬೇಕು. ಫೋನಿನಲ್ಲಿ ಹಚ್ಚಿಟ್ಟು ಹೊರಗೆ ಹೋಗಿ ಹರಟುವುದು ಈಚೆಗೆ ಬಹಳವಾಗಿದೆ.

ತಾಯಿಯು ಉಣ್ಣಲೊಲ್ಲೆನೆಂದ ಕೂಡಲೇ ಸಲ್ಲೇಖನದ ಮಾತನ್ನು ಎತ್ತುವ ಬಂಧುಗಳಿದ್ದಾರೆ. ಪ್ರತೀಕಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗಗಳಲ್ಲಿ ಮಾತ್ರ ಅದು ವಿಹಿತ. ಮುರಿದ ಮೂಳೆಗೂ ಮೂತ್ರದ ಸೋಂಕಿಗೂ ಪ್ರತೀಕಾರವಿದೆ. ಭ್ರಮೆಯಲ್ಲಿ ಆಡಿದ ಮಾತು ವ್ರತವಾಗದು. ಬೇಗ ಮರಣ ಬರಲೆಂಬ ಆಶೆಯನ್ನು, ಇನ್ನೂ ಬದುಕಬೇಕೆಂಬ ಆಶೆಯಂತೆಯೇ, ಅತಿಚಾರವೆಂದು ಸೂತ್ರಕಾರರು ಎಣಿಸಿರುವರು; ಆ ಆಶೆಯು ಖರ್ಚಿಗೆ ಬೇಸತ್ತ ಮಕ್ಕಳದಾದರೆ ಅದನ್ನು ಏನೆನ್ನಬೇಕು? 2015ರ ಆಗಸ್ಟ್ 10ರಂದು ರಾಜಸ್ಥಾನ ಉಚ್ಚ ನ್ಯಾಯಾಲಯವು ಸಲ್ಲೇಖನವನ್ನು ಆತ್ಮಹತ್ಯೆಯೆಂದು ಪರಿಗಣಿಸಿದಾಗ ಸಮಾಜವೆಲ್ಲ ಬೀದಿಗಿಳಿಯಿತು. ಆಗಸ್ಟ್ 31ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆ ನೀಡಿತು. ಸಲ್ಲೇಖನವು ಆತ್ಮಹತ್ಯೆಯಲ್ಲವೆಂದು ಅಂದು ಘೋಷಿಸಿದವರು ಅದರ ಷರತ್ತುಗಳನ್ನು ತಮ್ಮ ಮನೆಯಲ್ಲಿಯೂ ಕಾಯಬೇಕು. ಭಗವತೀ ಆರಾಧನೆಯು ಸಮಾಧಿಯ ಸಾಧಕನಿಗೆ ನಲವತ್ತೆಂಟು ನಿರ್ಯಾಪಕರನ್ನು ಹೇಳುತ್ತದೆ. ನಾಲ್ವರು ಮಕ್ಕಳು ಸರದಿಯಲ್ಲಿ ಕುಳಿತುಕೊಳ್ಳಲಾರದ ಮನೆಯಲ್ಲಿ ಆ ಮಾತನ್ನು ಎತ್ತುವುದೇ ಅನುಚಿತ.

ಪ್ರಜ್ಞೆಯಿಲ್ಲದ ವೇಳೆಯಲ್ಲಿ ನಳಿಕೆಯಿಂದ ಆಹಾರವನ್ನು ಕೊಟ್ಟಿರಬಹುದು. ರಾತ್ರಿಯೂ ಔಷಧವನ್ನು ಕುಡಿಸಿರಬಹುದು. ಗುಣವಾದ ಮೇಲೆ ತಾಯಿಯು ಮುನಿಗಳ ಅಥವಾ ಆರ್ಯಿಕೆಯರ ಬಳಿ ಪ್ರಾಯಶ್ಚಿತ್ತವನ್ನು ಬೇಡಲು ಬಯಸುತ್ತಾರೆ. ನಡೆದುದನ್ನು ನಡೆದಂತೆ ಹೇಳಿದರೆ ಮಾತ್ರ ಆಲೋಚನೆಯಾಗುತ್ತದೆ. ಆದುದರಿಂದ ಹಾಸಿಗೆಯ ಬದಿಯಲ್ಲಿ ಒಂದು ನೋಟುಪುಸ್ತಕವನ್ನು ಇಟ್ಟು, ಸರದಿಯಲ್ಲಿ ಬಂದವರು ದಿನಾಂಕ, ತಿಥಿ, ಕೊಟ್ಟ ಆಹಾರ, ಔಷಧದ ಹೆಸರು, ಗಂಟೆ, ಅದನ್ನು ಅವರು ಒಪ್ಪಿ ತೆಗೆದುಕೊಂಡರೋ ಅರಿವಿಲ್ಲದಾಗ ಕೊಡಲಾಯಿತೋ ಎಂಬುದನ್ನು ಬರೆದಿಡಬೇಕು. ಅದೇ ಪುಸ್ತಕವು ವೈದ್ಯರಿಗೂ ಉಪಯೋಗಕ್ಕೆ ಬರುತ್ತದೆ. ಹೊರಡುವಾಗ ಮರುದಿನ ಯಾರು, ಎಷ್ಟು ಹೊತ್ತಿಗೆ ಬರುವರೆಂಬುದನ್ನು ಕೊನೆಯ ಸಾಲಿನಲ್ಲಿ ದಪ್ಪ ಅಕ್ಷರಗಳಿಂದ ಬರೆದು, ತಾಯಿಗೆ ಓದಿ ಹೇಳಿ, ಕನ್ನಡಕದ ಪಕ್ಕದಲ್ಲಿ ಇಟ್ಟು ಬರಬೇಕು.