ಇಂಗ್ಲಿಷಿನ ‘ನಾಡಿದ್ದು’ ಎಲ್ಲಿ ಹೋಯಿತು?

ಪ್ರಶ್ನೆ: ಬಳಕೆ ತಪ್ಪಿದ ಇಂಗ್ಲಿಷ್ ಪದಗಳ ಪಟ್ಟಿಯೊಂದನ್ನು ಈಚೆಗೆ ಓದಿದೆ. ಅದರಲ್ಲಿ ‘ಓವರ್‌ಮಾರೊ’ ಎಂದರೆ ನಾಡಿದ್ದು, ‘ಏರ್‌ಯೆಸ್ಟರ್‌ಡೇ’ ಎಂದರೆ ಮೊನ್ನೆ ಎಂದಿತ್ತು. ಇಷ್ಟು ಅನುಕೂಲವಾದ ಪದಗಳನ್ನು ಇಂಗ್ಲಿಷರು ಏಕೆ ಕೈಬಿಟ್ಟರು? ಯಾರೂ ಬಳಸದ ಪದಗಳು ನಿಘಂಟಿನಲ್ಲಿ ಏಕೆ ಉಳಿದಿವೆ? ನಾವು ಈಗ ಬಳಸಿದರೆ ತಪ್ಪಾಗುತ್ತದೆಯೇ?

ಉತ್ತರ: ಕನ್ನಡದವರಿಗೆ ಈ ಸಂದೇಹ ಬರುವುದು ಸಹಜ. ಮೊನ್ನೆ, ನಿನ್ನೆ, ಇಂದು, ನಾಳೆ, ನಾಡಿದ್ದು ಎಂದು ಐದು ದಿನಕ್ಕೂ ಒಂದೊಂದು ಪದ ಇಟ್ಟುಕೊಂಡವರು ನಾವು. ‘ನಾಡಿದ್ದು’ ಎನ್ನುವುದಕ್ಕೆ ಇಂಗ್ಲಿಷಿನಲ್ಲಿ ನಾಲ್ಕು ಪದ ಜೋಡಿಸಬೇಕು ಎಂದಾಗ ಶಾಲೆಯ ಮಕ್ಕಳಿಗೂ ಆಶ್ಚರ್ಯವಾಗುತ್ತದೆ.

ಮೊದಲು ನೀವು ಹೇಳಿದ ಎರಡು ಪದಗಳನ್ನೇ ನೋಡೋಣ. ಎರಡೂ ನಿಜವಾದ ಪದಗಳು, ಯಾರೋ ಈಚೆಗೆ ಕಟ್ಟಿದವಲ್ಲ. ಮೈಲ್ಸ್ ಕವರ್‌ಡೇಲ್ 1535ರಲ್ಲಿ ಹೊರತಂದ ಇಂಗ್ಲಿಷ್ ಬೈಬಲಿನಲ್ಲಿ ‘ಓವರ್‌ಮಾರೊ’ ಇದೆ. ಇಂಗ್ಲಿಷಿನ ದಾಯಾದಿಯಾದ ಜರ್ಮನ್ ಭಾಷೆಯಲ್ಲಿ ಇದೇ ರೀತಿ ಕಟ್ಟಿದ ‘ಊಬರ್‌ಮೊರ್ಗನ್’ ಇಂದಿಗೂ ದಿನಬಳಕೆಯ ಮಾತು. ಆದರೆ ಹಳೆಯ ಇಂಗ್ಲಿಷ್ ಬರಹಗಳಲ್ಲಿ ‘ಓವರ್‌ಮಾರೊ’ ಸಿಗುವುದು ತೀರ ಅಪರೂಪ. ಒಂದು ಕಾಲದಲ್ಲಿ ಎಲ್ಲರ ಬಾಯಲ್ಲೂ ಇದ್ದು ಆಮೇಲೆ ಮರೆಯಾಯಿತು ಎಂದು ಹೇಳಲು ಸಾಕಷ್ಟು ಆಧಾರ ಇಲ್ಲ. ಪಟ್ಟಿಗಳು ಪದ ಮತ್ತು ಅರ್ಥ ಎರಡನ್ನೇ ಕೊಡುತ್ತವೆ. ಆ ಪದ ಎಷ್ಟು ಜನರ ಬಾಯಲ್ಲಿತ್ತು, ಎಷ್ಟು ಕಾಲ ಇತ್ತು ಎಂಬುದನ್ನು ಹೇಳುವುದಿಲ್ಲ. ನಿಮ್ಮ ಪ್ರಶ್ನೆಗೆ ಬೇಕಾದದ್ದು ಆ ವಿವರವೇ.

ಮುಂದೆ ಹೋಗುವ ಮುನ್ನ ಒಂದು ಗೊಂದಲ ಬಗೆಹರಿಸಿಕೊಳ್ಳಬೇಕು. ಇಂಗ್ಲಿಷ್ ನಿಘಂಟುಗಳಲ್ಲಿ ಕೆಲವು ಪದಗಳ ಪಕ್ಕದಲ್ಲಿ ‘ಆರ್ಕೇಯಿಕ್’ ಎಂದೂ ಕೆಲವು ಪದಗಳ ಪಕ್ಕದಲ್ಲಿ ‘ಆಬ್ಸೊಲೀಟ್’ ಎಂದೂ ಬರೆದಿರುತ್ತದೆ. ಎರಡನ್ನೂ ‘ಹಳೆಯ ಪದ’ ಎಂದು ಓದಿಕೊಂಡು ಮುಂದೆ ಹೋಗುವವರೇ ಹೆಚ್ಚು. ಆದರೆ ಎರಡೂ ಒಂದೇ ಅಲ್ಲ. ಆರ್ಕೇಯಿಕ್ ಎಂದರೆ ಹಳೆಗಾಲದ್ದು, ಆದರೆ ಈಗಲೂ ಓದುಗರಿಗೆ ಅರ್ಥವಾಗುವಂಥದ್ದು. ಪ್ರಾರ್ಥನೆಯಲ್ಲಿ, ಪದ್ಯದಲ್ಲಿ, ಚಾರಿತ್ರಿಕ ನಾಟಕದಲ್ಲಿ ಬಳಸಿದರೆ ನಡೆಯುತ್ತದೆ. ಆಬ್ಸೊಲೀಟ್ ಎಂದರೆ ಬಳಕೆ ಪೂರ್ತಿ ನಿಂತುಹೋದದ್ದು. ವಿದ್ವಾಂಸರನ್ನು ಬಿಟ್ಟರೆ ಇಂಗ್ಲಿಷ್ ಮನೆಮಾತಿನವರಿಗೂ ಅರ್ಥ ತಿಳಿಯದು. ‘ದೌ’ ಎಂಬ ಸರ್ವನಾಮ ಮೊದಲ ಗುಂಪಿನದು. 1611ರ ಕಿಂಗ್ ಜೇಮ್ಸ್ ಬೈಬಲಿನ ತುಂಬ ಅದೇ ಇದೆ, ಓದಿದವರಿಗೆಲ್ಲ ತಿಳಿಯುತ್ತದೆ. ಅಂದಹಾಗೆ, ದೇವರನ್ನು ಹಾಗೆ ಕರೆದಿರುವುದರಿಂದ ಅದು ಬಹುವಚನದ ಮರ್ಯಾದೆಯ ರೂಪ ಎಂದು ಅನೇಕರು ಭಾವಿಸುತ್ತಾರೆ. ಅದು ನಮ್ಮ ‘ನೀನು’. ‘ಯು’ ಎಂಬುದು ‘ನೀವು’ ಆಗಿತ್ತು. ದೇವರನ್ನು ‘ನೀನು’ ಎನ್ನುವ ರೂಢಿ ನಮ್ಮಲ್ಲೂ ಇರುವುದರಿಂದ ಇದು ನಿಮಗೆ ಸುಲಭವಾಗಿ ಹೊಂದುತ್ತದೆ. ಮರ್ಯಾದೆಯ ‘ಯು’ ಎಲ್ಲರಿಗೂ ಸಲ್ಲತೊಡಗಿ, 17ನೇ ಶತಮಾನದ ಹೊತ್ತಿಗೆ ಶಿಷ್ಟ ಇಂಗ್ಲಿಷಿನ ಮಾತಿನಿಂದ ‘ದೌ’ ಹಿಂದೆ ಸರಿಯಿತು.

ಈಗ ನಿಮ್ಮ ಮುಖ್ಯ ಪ್ರಶ್ನೆ: ಪದಗಳು ಏಕೆ ಹೋಗುತ್ತವೆ?

ಒಂದು ಕಾರಣ, ಒಂದೇ ಅರ್ಥಕ್ಕೆ ಎರಡು ಪದ ಎದುರುಬದುರಾಗುವುದು. ಇಂಗ್ಲೆಂಡಿನ ಮೊದಲ ಮುದ್ರಕ ವಿಲಿಯಂ ಕ್ಯಾಕ್‌ಸ್ಟನ್ 1490ರಲ್ಲಿ ಅಚ್ಚು ಹಾಕಿದ ಪುಸ್ತಕವೊಂದರ ಮುನ್ನುಡಿಯಲ್ಲಿ ಒಂದು ಪ್ರಸಂಗ ಹೇಳುತ್ತಾನೆ. ಥೇಮ್ಸ್ ನದಿಯಿಂದ ಹಡಗಿನಲ್ಲಿ ಹೊರಟ ವ್ಯಾಪಾರಿಗಳು ಗಾಳಿ ಬೀಸದ ಕಾರಣ ದಡದಲ್ಲಿ ತಂಗಬೇಕಾಯಿತು. ಅವರಲ್ಲೊಬ್ಬ ಒಂದು ಮನೆಗೆ ಹೋಗಿ ‘ಎಗ್ಸ್’ ಕೇಳಿದ. ಆ ಮನೆಯಾಕೆ ತನಗೆ ಫ್ರೆಂಚ್ ಬರುವುದಿಲ್ಲ ಎಂದಳು. ವ್ಯಾಪಾರಿಗೆ ಸಿಟ್ಟು ಬಂತು, ಅವನಿಗೂ ಫ್ರೆಂಚ್ ಬರುತ್ತಿರಲಿಲ್ಲ! ಕೊನೆಗೆ ಇನ್ನೊಬ್ಬ ‘ಎಯ್ರೆನ್’ ಬೇಕು ಎಂದಾಗ ಅವಳಿಗೆ ಅರ್ಥವಾಯಿತು. ಎರಡೂ ಮೊಟ್ಟೆಗೇ ಹೆಸರು. ‘ಎಯ್ರೆನ್’ ದಕ್ಷಿಣದವರ ಹಳೆಯ ಇಂಗ್ಲಿಷ್ ಮಾತು; ‘ಎಗ್’ ವೈಕಿಂಗರ ಕಾಲದಲ್ಲಿ ನಾರ್ಸ್ ಭಾಷೆಯಿಂದ ಬಂದು ಉತ್ತರದಲ್ಲಿ ಬೇರೂರಿದ್ದು. ಅಚ್ಚಿನ ಪುಸ್ತಕ ದೇಶಕ್ಕೆಲ್ಲ ಒಂದೇ ರೂಪ ಬಯಸುತ್ತದೆ, ಎರಡರಲ್ಲಿ ಯಾವುದನ್ನು ಬರೆಯಬೇಕು ಎಂಬುದೇ ಕ್ಯಾಕ್‌ಸ್ಟನ್‌ನ ಚಿಂತೆಯಾಗಿತ್ತು. ಕೊನೆಗೆ ಹೊರಗಿನಿಂದ ಬಂದ ಪದ ಉಳಿಯಿತು, ಮನೆಯ ಪದ ಹೋಯಿತು.

ಎರಡನೆಯ ಕಾರಣ ಇದಕ್ಕಿಂತ ಸ್ವಾರಸ್ಯವಾದದ್ದು. ಇಲ್ಲಿ ಅರ್ಥ ಎರಡು, ಉಚ್ಚಾರಣೆ ಒಂದೇ. ಹಳೆಯ ಇಂಗ್ಲಿಷಿನಲ್ಲಿ ‘ಬಿಡು’ ಎನ್ನುವ ಕ್ರಿಯಾಪದ ಒಂದಿತ್ತು, ‘ತಡೆ’ ಎನ್ನುವ ಕ್ರಿಯಾಪದ ಇನ್ನೊಂದಿತ್ತು. ಮೊದಲು ಅವುಗಳ ರೂಪ ಬೇರೆ ಬೇರೆ. ಶತಮಾನಗಳು ಕಳೆದಂತೆ ಉಚ್ಚಾರಣೆ ಸವೆದು ಎರಡೂ ‘ಲೆಟ್’ ಆದವು. ಬಿಡು ಎಂದರೂ ಲೆಟ್, ತಡೆ ಎಂದರೂ ಲೆಟ್! ಷೇಕ್ಸ್‌ಪಿಯರನ ಹ್ಯಾಮ್ಲೆಟ್ ನಾಟಕದಲ್ಲಿ ತಂದೆಯ ಪ್ರೇತದ ಹಿಂದೆ ಹೊರಟ ರಾಜಕುಮಾರನನ್ನು ಗೆಳೆಯರು ಹಿಡಿದು ನಿಲ್ಲಿಸುತ್ತಾರೆ. ಆಗ ಅವನಾಡುವ ಮಾತಿನಲ್ಲಿ ಬರುವ ‘ಲೆಟ್’ ತಡೆಯುವ ‘ಲೆಟ್’. ಇಂದಿನ ವಿದ್ಯಾರ್ಥಿ ಟಿಪ್ಪಣಿ ನೋಡದೆ ಓದಿದರೆ ಅರ್ಥ ತಿರುಗುಮುರುಗಾಗುತ್ತದೆ. ಹೀಗೆ ಪೂರ್ತಿ ಎದುರಾದ ಎರಡು ಅರ್ಥಗಳು ಒಂದೇ ರೂಪದಲ್ಲಿ ಬಹುಕಾಲ ಬಾಳುವುದು ಕಷ್ಟ. ತಡೆಯುವ ‘ಲೆಟ್’ ಮರೆಗೆ ಸರಿಯಿತು.

ಆದರೂ ಅದು ಎರಡು ಕಡೆ ಉಳಿದುಕೊಂಡಿದೆ, ಎರಡೂ ನಿಮಗೆ ಪರಿಚಿತ. ಟೆನಿಸ್‌ನಲ್ಲಿ ಸರ್ವ್ ಮಾಡಿದ ಚೆಂಡು ನೆಟ್ಟಿಗೆ ತಾಗಿ ಆಚೆ ಸರಿಯಾದ ಜಾಗದಲ್ಲಿ ಬಿದ್ದರೆ ‘ಲೆಟ್’ ಎನ್ನುತ್ತಾರೆ. ಅಡ್ಡಿಯಾಯಿತು, ಮತ್ತೆ ಹಾಕಿ ಎಂದರ್ಥ. ಇನ್ನೊಂದು ನಮ್ಮ ಪಾಸ್‌ಪೋರ್ಟಿನಲ್ಲಿದೆ. ಇದನ್ನು ಹೊಂದಿದವರು ಮುಕ್ತವಾಗಿ ಸಂಚರಿಸಲು ಅವಕಾಶ ಕೊಡಿ ಎಂದು ರಾಷ್ಟ್ರಪತಿಯವರ ಹೆಸರಿನಲ್ಲಿ ಕೇಳಿಕೊಳ್ಳುವ ವಾಕ್ಯವನ್ನು ಹುಡುಕಿ ಓದಿ. ‘ವಿದೌಟ್ ಲೆಟ್ ಆರ್ ಹಿಂಡ್ರನ್ಸ್’ ಎಂದಿದೆ, ಅಂದರೆ ಅಡ್ಡಿ ಆತಂಕವಿಲ್ಲದೆ. ಮಾತಿನಲ್ಲಿ ಸತ್ತ ಪದಗಳು ಹೀಗೆ ಆಟದ ನಿಯಮ, ಕಾನೂನಿನ ವಾಕ್ಯ, ಜೋಡಿಪದಗಳಲ್ಲಿ ಉಳಿಯುವುದು ಇಂಗ್ಲಿಷಿನಲ್ಲಿ ಸಾಮಾನ್ಯ. ನಿರ್ದಯ ಎಂಬರ್ಥದ ‘ರೂಥ್‌ಲೆಸ್’ ಬಳಸುವವರು ‘ರೂಥ್’ ಎಂದರೆ ದಯೆ ಎಂದು ಯೋಚಿಸುವುದಿಲ್ಲ. ಗಂಡಸು ಎಂಬರ್ಥದ ‘ವೆರ್’ ಎಂದೋ ಹೋಯಿತು; ತೋಳವಾಗುವ ಮನುಷ್ಯನ ಕಥೆಗಳ ‘ವೇರ್‌ವುಲ್ಫ್’ನಲ್ಲಿ ಉಳಿದಿದೆ.

ವಸ್ತುವೇ ಹೋದರೆ ಅದರ ಹೆಸರೂ ಹೋಗುತ್ತದೆ, ಇದಕ್ಕೆ ಹೆಚ್ಚು ವಿವರಣೆ ಬೇಡ. ಆದರೆ ಒಂದು ಕಡೆ ಹೋದದ್ದು ಇನ್ನೊಂದು ಕಡೆ ಉಳಿಯುವುದುಂಟು. ಬ್ರಿಟನ್ನಿನಲ್ಲಿ ಕುದುರೆಗಾಡಿಯ ಹಿಂದಿನ ಸೇವಕರ ಆಸನಕ್ಕೆ, ಆಮೇಲೆ ಹಳೆಯ ಕಾರುಗಳ ಹಿಂಬದಿಯಲ್ಲಿ ತೆರೆದುಕೊಳ್ಳುವ ಆಸನಕ್ಕೆ ‘ಡಿಕಿ’ ಎಂಬ ಹೆಸರಿತ್ತು. ಅಂಥ ಆಸನದ ಕಾರುಗಳು ಹೋದ ಮೇಲೆ ಆ ಅರ್ಥ ಅಲ್ಲಿ ಹಳತಾಯಿತು. ನಾವು ಮಾತ್ರ ಕಾರಿನ ಹಿಂಬದಿಯಲ್ಲಿ ಸಾಮಾನು ಇಡುವ ಜಾಗಕ್ಕೆ, ಸ್ಕೂಟರಿನ ಸೀಟಿನ ಕೆಳಗಿನ ಜಾಗಕ್ಕೂ, ಇಂದಿಗೂ ‘ಡಿಕ್ಕಿ’ ಎನ್ನುತ್ತೇವೆ. ಆದ್ದರಿಂದ ಒಂದು ಪದ ಬಳಕೆ ತಪ್ಪಿದೆ ಎಂದಾಗ ಎಲ್ಲಿ ಎಂದೂ ಕೇಳಬೇಕು. ಹದಿನಾಲ್ಕು ರಾತ್ರಿ ಎಂಬರ್ಥದ ‘ಫೋರ್ಟ್‌ನೈಟ್’ ಬ್ರಿಟನ್ನಿನಲ್ಲೂ ನಮ್ಮಲ್ಲೂ ಬದುಕಿದೆ, ಅಮೆರಿಕದಲ್ಲಿ ಬಳಸುವವರು ಕಡಿಮೆ. ಅದರ ಜೊತೆಯದಾದ, ಏಳು ರಾತ್ರಿ ಎಂಬರ್ಥದ ‘ಸೆನ್ನೈಟ್’ ಎಲ್ಲ ಕಡೆಯೂ ಹೋಯಿತು. ವಾರಕ್ಕೆ ‘ವೀಕ್’ ಎಂಬ ಪದ ಇದ್ದೇ ಇತ್ತು, ಎರಡು ವಾರಕ್ಕೆ ಬೇರೆ ಹೆಸರು ಇರಲಿಲ್ಲ.

ಇಷ್ಟು ಕಾರಣ ಹೇಳಿದ ಮೇಲೂ, ಯಾವ ಪದ ಉಳಿಯುತ್ತದೆ ಎಂದು ಮೊದಲೇ ಹೇಳಲು ಯಾರಿಗೂ ಆಗುವುದಿಲ್ಲ. 16ನೇ ಶತಮಾನದಲ್ಲಿ ಇಂಗ್ಲಿಷ್ ಪಂಡಿತರು ಲ್ಯಾಟಿನ್ನಿನಿಂದ ರಾಶಿ ರಾಶಿ ಪದಗಳನ್ನು ಎತ್ತಿ ತಂದರು. ಸರಳ ಭಾಷೆಯ ಪರವಾಗಿದ್ದವರು ಅವನ್ನು ‘ಇಂಕ್‌ಹಾರ್ನ್’ ಪದಗಳೆಂದು ಹಳಿದರು. ಇಂಕ್‌ಹಾರ್ನ್ ಎಂದರೆ ಶಾಯಿ ತುಂಬಿಡುವ ಕೊಂಬು. ಜನರ ಬಾಯಿಂದ ಬಾರದೆ ಶಾಯಿಯಿಂದ ಹುಟ್ಟಿದ ಪದಗಳು ಎಂಬುದು ಇಂಗಿತ. ನಾಟಕಕಾರ ಬೆನ್ ಜಾನ್ಸನ್ 1601ರ ‘ಪೊಯೆಟಾಸ್ಟರ್’ ನಾಟಕದಲ್ಲಿ ಇಂಥ ಕವಿಯೊಬ್ಬನಿಗೆ ಗುಳಿಗೆ ಕೊಡಿಸಿ, ಅವನು ತಾನು ಬಳಸಿದ ಆಡಂಬರದ ಪದಗಳನ್ನೆಲ್ಲ ಒಂದೊಂದಾಗಿ ವಾಂತಿ ಮಾಡುವಂತೆ ಮಾಡುತ್ತಾನೆ. ಜಾನ್ ಮಾರ್‌ಸ್ಟನ್ ಎಂಬ ಸಮಕಾಲೀನನನ್ನು ಗುರಿಯಾಗಿಟ್ಟ ದೃಶ್ಯ ಅದು. ಆ ವಾಂತಿಯಲ್ಲಿ ಬಿದ್ದ ಪದಗಳನ್ನು ಇಂದು ನೋಡಿದರೆ ನಿಜಕ್ಕೂ ಬೆರಗಾಗುತ್ತದೆ. ಜಾರುವ ಎಂಬರ್ಥದ ‘ಗ್ಲಿಬರಿ’, ಬೊಗಳುವ ಎಂಬರ್ಥದ ‘ಆಬ್ಲಾಟ್ರಂಟ್’, ದಿಗ್ಭ್ರಮೆಗೊಂಡ ಎಂಬರ್ಥದ ‘ಆಬ್‌ಸ್ಟುಪಿಫ್ಯಾಕ್ಟ್’ ಸತ್ತುಹೋದವು. ಆದರೆ ಅದೇ ಪಟ್ಟಿಯಲ್ಲಿ ‘ರೆಸಿಪ್ರೊಕಲ್’, ‘ಡಿಫಂಕ್ಟ್’, ‘ಸ್ಟ್ರೆನ್ಯುಯಸ್’, ‘ಕ್ಲಮ್ಸಿ’, ‘ಕಾನ್ಷಸ್’ ಕೂಡ ಇವೆ. ಗಣಿತದ ತರಗತಿಯಲ್ಲಿ ರೆಸಿಪ್ರೊಕಲ್ ಇಲ್ಲದೆ ಭಿನ್ನರಾಶಿಯ ಭಾಗಾಕಾರ ನಡೆಯುವುದಿಲ್ಲ. ಕಾನ್ಷಸ್ ಅಂತೂ ಕನ್ನಡ ಮಾತಿನೊಳಗೂ ಬಂದು ಕೂತಿದೆ. ಭಾಷೆಯ ಸೂಕ್ಷ್ಮ ಬಲ್ಲ ಜಾನ್ಸನ್ನನಂಥ ಬರಹಗಾರನಿಗೇ ಉಳಿಯುವುದು ಯಾವುದು, ಅಳಿಯುವುದು ಯಾವುದು ಎಂದು ತಿಳಿಯಲಿಲ್ಲ. ‘ಓವರ್‌ಮಾರೊ’ ಇಷ್ಟು ಅನುಕೂಲವಾಗಿದ್ದೂ ಏಕೆ ನಿಲ್ಲಲಿಲ್ಲ ಎಂದು ನೀವು ಕೇಳಿದಿರಿ. ಅನುಕೂಲವೊಂದೇ ಪದವನ್ನು ಉಳಿಸುವುದಿಲ್ಲ. ಸಾಕಷ್ಟು ಜನ ಸಾಕಷ್ಟು ಕಾಲ ಆಡಬೇಕು.

ಇನ್ನು ನಿಘಂಟಿನ ವಿಷಯ. ಎಲ್ಲ ನಿಘಂಟುಗಳೂ ಸತ್ತ ಪದಗಳನ್ನು ಇಟ್ಟುಕೊಳ್ಳುವುದಿಲ್ಲ. ಶಾಲೆಯ ಚೀಲದಲ್ಲಿರುವ ನಿಘಂಟಿನಲ್ಲಿ ಜಾಗ ಕಡಿಮೆ, ಅಲ್ಲಿ ಹಳತನ್ನು ತೆಗೆದು ಹೊಸತನ್ನು ಹಾಕುತ್ತಾರೆ. ಪದದ ಹುಟ್ಟಿನಿಂದ ಕೊನೆಯವರೆಗಿನ ಚರಿತ್ರೆಯನ್ನೇ ಹೇಳಹೊರಟ ನಿಘಂಟು ಬೇರೆ. ಲಂಡನ್ನಿನ ಫಿಲಾಲಜಿಕಲ್ ಸೊಸೈಟಿಯಲ್ಲಿ 1857ರಲ್ಲಿ ಅಂಥದೊಂದರ ಯೋಚನೆ ಮೊಳೆಯಿತು. ಜೇಮ್ಸ್ ಮರ‍್ರೆ 1879ರಲ್ಲಿ ಸಂಪಾದಕರಾದರು, ಮೊದಲ ಭಾಗ 1884ರಲ್ಲಿ ಬಂತು, ಕೆಲಸ ಮುಗಿದದ್ದು 1928ರಲ್ಲಿ. ಅದೇ ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿ. ದೂರದೂರದ ಓದುಗರು ಹಳೆಯ ಪುಸ್ತಕಗಳನ್ನು ಓದಿ, ಪದ ಬಂದ ವಾಕ್ಯವನ್ನು ಚೀಟಿಯಲ್ಲಿ ಬರೆದು, ಸಂಬಳವಿಲ್ಲದೆ ಅಂಚೆಯಲ್ಲಿ ಕಳಿಸಿದರು. ಮರ‍್ರೆಯವರು ತೋಟದಲ್ಲಿ ಕಟ್ಟಿಸಿದ ತಗಡಿನ ಕೋಣೆಯಲ್ಲಿ ಕುಳಿತು ಲಕ್ಷಾಂತರ ಚೀಟಿಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿದರು. ಒಮ್ಮೆ ಸೇರಿದ ಪದವನ್ನು ಈ ನಿಘಂಟು ತೆಗೆಯುವುದಿಲ್ಲ. ಬಳಕೆ ನಿಂತಿದ್ದರೆ ಪಕ್ಕದಲ್ಲಿ ಚಿಕ್ಕ ಕಠಾರಿಯ ಗುರುತು ಹಾಕುತ್ತದೆ. 1989ರ ಎರಡನೆಯ ಆವೃತ್ತಿಯ 20 ಸಂಪುಟಗಳಲ್ಲಿ ಬಳಕೆಯಲ್ಲಿರುವ ಪದಗಳು ಸುಮಾರು 1,71,000, ಬಳಕೆ ತಪ್ಪಿದವು ಸುಮಾರು 47,000. ಹ್ಯಾಮ್ಲೆಟ್‌ನ ‘ಲೆಟ್’ ಏನೆಂದು ಇಂದು ನಾವು ಖಚಿತವಾಗಿ ಹೇಳಬಲ್ಲೆವಾದರೆ ಈ ದುಡಿಮೆಯಿಂದ. ನಮ್ಮ ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ‘ಕನ್ನಡ ನಿಘಂಟು’ ಕೂಡ ಶಾಸನ, ಕಾವ್ಯಗಳ ಪ್ರಯೋಗಗಳನ್ನು ಕೊಟ್ಟು ಇದೇ ರೀತಿ ನಡೆಯುತ್ತದೆ. ಪಂಪನ ಪದ ಇಂದು ಬಳಕೆಯಲ್ಲಿಲ್ಲ ಎಂದು ಅಲ್ಲಿಂದ ತೆಗೆದರೆ ಪಂಪನನ್ನು ಓದುವುದು ಹೇಗೆ?

ಒಂದು ಎಚ್ಚರಿಕೆಯನ್ನೂ ಹೇಳಬೇಕು. ನಿಘಂಟಿನಲ್ಲಿ ಇದ್ದ ಮಾತ್ರಕ್ಕೆ ಪದ ಯಾವಾಗಲಾದರೂ ಬದುಕಿತ್ತು ಎಂದಲ್ಲ. ಅಮೆರಿಕದ ವೆಬ್‌ಸ್ಟರ್ ನಿಘಂಟಿನ 1934ರ ದೊಡ್ಡ ಆವೃತ್ತಿಯಲ್ಲಿ ‘ಡಾರ್ಡ್’ ಎಂಬ ಪದ ಸೇರಿಕೊಂಡಿತ್ತು, ಅರ್ಥ ಸಾಂದ್ರತೆ. ನಡೆದದ್ದು ಇಷ್ಟು: ಸಾಂದ್ರತೆಗೆ ಸಂಕೇತ ದೊಡ್ಡ ‘ಡಿ’ ಅಥವಾ ಚಿಕ್ಕ ‘ಡಿ’ ಎಂದು ಒಂದು ಚೀಟಿಯಲ್ಲಿ ಬರೆದಿತ್ತು. ‘ಅಥವಾ’ಕ್ಕೆ ಇಂಗ್ಲಿಷಿನ ‘ಆರ್’ ನಡುವೆ ಇದ್ದುದರಿಂದ ಅಕ್ಷರಗಳೆಲ್ಲ ಸೇರಿ ಒಂದು ಪದದಂತೆ ಕಂಡವು. ಈ ಪದಕ್ಕೆ ವ್ಯುತ್ಪತ್ತಿಯೇ ಇಲ್ಲವಲ್ಲ ಎಂದು 1939ರಲ್ಲಿ ಸಂಪಾದಕರೊಬ್ಬರು ಗಮನಿಸಿದರು. ಅಚ್ಚಿನಿಂದ ಪೂರ್ತಿ ಹೋಗಲು 1947 ಆಯಿತು. ಹೀಗೆ ತಪ್ಪಿನಿಂದ ಹುಟ್ಟಿದ ಪದಗಳಿಗೆ ‘ಗೋಸ್ಟ್ ವರ್ಡ್’, ಅಂದರೆ ಭೂತಪದ, ಎಂದು 1886ರಲ್ಲೇ ವಾಲ್ಟರ್ ಸ್ಕೀಟ್ ಎಂಬ ವಿದ್ವಾಂಸರು ಹೆಸರಿಟ್ಟಿದ್ದರು. ನೀವು ನೋಡುವ ವಿಚಿತ್ರ ಪದಗಳ ಪಟ್ಟಿಗಳಲ್ಲಿ ಒಮ್ಮೆ ಜೀವಂತವಾಗಿದ್ದ ಪದ, ಒಬ್ಬನೇ ಲೇಖಕ ಒಮ್ಮೆ ಬರೆದ ಪದ, ನಿಘಂಟುಕಾರ ತಾನೇ ಕಟ್ಟಿದ ಪದ, ಇಂಥ ಭೂತಪದ ಎಲ್ಲವೂ ಬೆರೆತಿರುತ್ತವೆ.

ಕೊನೆಗೆ, ಬಳಸಬಹುದೇ ಎಂದು ಕೇಳಿದ್ದೀರಿ. ಗೆಳೆಯರ ನಡುವೆ ‘ಓವರ್‌ಮಾರೊ’ ಎನ್ನುವುದರಲ್ಲಿ ತಪ್ಪೇನೂ ಇಲ್ಲ, ಅರ್ಥ ಹೇಳಿಬಿಟ್ಟರೆ ಸಾಕು. ಅರ್ಜಿ, ಕಚೇರಿಯ ಪತ್ರ, ಪರೀಕ್ಷೆಯ ಉತ್ತರಗಳಲ್ಲಿ ಬೇಡ; ಓದುವವರಿಗೆ ತಿಳಿಯದಿದ್ದರೆ ನಿಮ್ಮ ಕೆಲಸವೇ ನಿಲ್ಲುತ್ತದೆ. ಯಾವುದಾದರೂ ಪದ ಮನಸ್ಸಿಗೆ ಹಿಡಿಸಿದರೆ ಪಟ್ಟಿಯನ್ನು ಪಕ್ಕಕ್ಕಿಟ್ಟು ಆಕ್ಸ್‌ಫರ್ಡಿನ ದೊಡ್ಡ ನಿಘಂಟನ್ನು ತೆರೆಯಿರಿ. ಕಠಾರಿಯ ಗುರುತು ಇದೆಯೇ ನೋಡಿ, ಕೊಟ್ಟಿರುವ ಪ್ರಯೋಗಗಳು ಎಷ್ಟು, ಕೊನೆಯದು ಯಾವ ಇಸವಿಯದು ಎಂದೂ ನೋಡಿ. ಪ್ರಯೋಗ ಒಂದೇ ಇದ್ದು, ಅದೂ ಇನ್ನೊಂದು ನಿಘಂಟಿನದೇ ಆಗಿದ್ದರೆ ಆ ಪದವನ್ನು ಯಾರೂ ಆಡಿರುವ ಸಂಭವ ಕಡಿಮೆ.